ಆಸ್ತಿ ಬಯಲಿಗೆ, ಮನೆ ವಿಳಾಸ ಮರೆಗೆ

ಸಾರ್ವಜನಿಕ ಹುದ್ದೆಯಲ್ಲಿರುವವರ ಆಸ್ತಿಪಾಸ್ತಿ ಜನರಿಗೆ ಗೊತ್ತಿರಬೇಕೇ? ಗೊತ್ತಿರಬೇಕು ಎನ್ನುವುದಾದರೆ ಎಷ್ಟರ ಮಟ್ಟಿಗೆ? ಈ ಪ್ರಶ್ನೆಯ ಎರಡೂ ಬದಿಯಲ್ಲಿ ಕರ್ನಾಟಕ ಹೈಕೋರ್ಟಿನ ನಂಟಿದೆ. ನ್ಯಾಯಾಧೀಶರ ಆಸ್ತಿ ವಿವರವನ್ನು ಜನರಿಗೆ ತೋರಿಸದೆ ಇಟ್ಟುಕೊಳ್ಳಲು ಅವಕಾಶ ಕೊಡುವ ಮಸೂದೆಯೊಂದು 2009ರ ಆಗಸ್ಟ್‌ನಲ್ಲಿ ರಾಜ್ಯಸಭೆಗೆ ಬಂದು, ವಿರೋಧ ಎದುರಾಗಿ ಅಲ್ಲಿಗೇ ನಿಂತಿತು. ಅದೇ ದಿನಗಳಲ್ಲಿ ಕರ್ನಾಟಕ ಹೈಕೋರ್ಟಿನ ನ್ಯಾಯಮೂರ್ತಿ ಡಿ.ವಿ. ಶೈಲೇಂದ್ರ ಕುಮಾರ್, ಯಾವ ಕಾಯ್ದೆಯೂ ಕೇಳದಿದ್ದರೂ, ತಮ್ಮ ಆಸ್ತಿ ವಿವರವನ್ನು ತಾವೇ ಅಂತರ್ಜಾಲದಲ್ಲಿ ಪ್ರಕಟಿಸಿದರು. ಅದೇ ಹೈಕೋರ್ಟಿನಿಂದ ನಿವೃತ್ತರಾಗಿ ಬೆಂಗಳೂರಿನಲ್ಲಿ ನೆಲೆಸಿದ್ದ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ 2012ರಲ್ಲಿ ಆಧಾರ್ ಯೋಜನೆಯನ್ನು ಪ್ರಶ್ನಿಸಿ ಸುಪ್ರೀಂ ಕೋರ್ಟ್ ಮೆಟ್ಟಿಲೇರಿದರು. ಅವರ ಅರ್ಜಿಯ ಮೇಲೆ 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳ ಪೀಠ, ಖಾಸಗಿತನವೂ ಮೂಲಭೂತ ಹಕ್ಕು ಎಂದು ಒಕ್ಕೊರಲಿನಿಂದ ಹೇಳಿತು.

ಇಬ್ಬರ ನಿಲುವೂ ಸರಿ. ಆದರೆ ಜನರ ತಿಳಿಯುವ ಹಕ್ಕು ಮತ್ತು ಖಾಸಗಿತನದ ಹಕ್ಕು, ಇವೆರಡರ ನಡುವೆ ಗೆರೆ ಎಲ್ಲಿ ಎಳೆಯಬೇಕು ಎಂಬುದನ್ನು ನಮ್ಮ ಕಾನೂನು ಕೂತು ಯೋಚಿಸಿಲ್ಲ. ಹಾಗಾಗಿ ಇವತ್ತು ಮುಚ್ಚಬೇಕಾದದ್ದು ತೆರೆದಿದೆ, ತೆರೆಯಬೇಕಾದದ್ದು ಮುಚ್ಚಿದೆ. ಅಭ್ಯರ್ಥಿಯ ಮನೆ ವಿಳಾಸ, ಪ್ಯಾನ್ ಸಂಖ್ಯೆ, ಫೋನ್ ನಂಬರ್ ಅಂತರ್ಜಾಲಕ್ಕೆ ಹೋಗುವ ಪ್ರಮಾಣಪತ್ರದಲ್ಲಿ ಬರೆದಿರುತ್ತವೆ. ಕೋಟಿಗಟ್ಟಲೆ ಟೆಂಡರಿಗೆ ಸಹಿ ಹಾಕುವ ಅಧಿಕಾರಿಯ ಆಸ್ತಿ ವಿವರ ಮಾತ್ರ 'ವೈಯಕ್ತಿಕ' ಎಂಬ ಹಣೆಪಟ್ಟಿ ಹೊತ್ತು ಇಲಾಖೆಯ ಬೀರುವಿನಲ್ಲಿ ಕುಳಿತಿದೆ.

ಮತದಾರನಿಗೆ ದಕ್ಕಿದ ಹಕ್ಕು

ಚುನಾವಣೆಗೆ ನಿಲ್ಲುವವರ ಆಸ್ತಿ ತಿಳಿಯುವ ಹಕ್ಕನ್ನು ಯಾವ ಸರ್ಕಾರವೂ ಮನಸಾರೆ ಕೊಡಲಿಲ್ಲ. ಅಹಮದಾಬಾದಿನ ಐಐಎಂ ಪ್ರಾಧ್ಯಾಪಕರು 1999ರಲ್ಲಿ ಕಟ್ಟಿದ ಎಡಿಆರ್ ಸಂಸ್ಥೆ ಕೋರ್ಟಿನಲ್ಲಿ ಹೋರಾಡಿ ಅದನ್ನು ತಂದುಕೊಟ್ಟಿತು. 2002ರ ಮೇ 2ರ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್, ಅಭ್ಯರ್ಥಿಯ ಮೇಲಿರುವ ಕ್ರಿಮಿನಲ್ ಪ್ರಕರಣ, ವಿದ್ಯಾರ್ಹತೆ, ಆಸ್ತಿ, ಸಾಲ ಇಷ್ಟನ್ನೂ ಪ್ರಮಾಣಪತ್ರದಲ್ಲಿ ಪಡೆಯುವಂತೆ ಚುನಾವಣಾ ಆಯೋಗಕ್ಕೆ ಸೂಚಿಸಿತು. ಗಂಡ ಅಥವಾ ಹೆಂಡತಿ ಮತ್ತು ಅವಲಂಬಿತರ ಆಸ್ತಿಯೂ ಅದರಲ್ಲಿ ಸೇರಿತ್ತು. ಅದೇ ವರ್ಷ ಸಂಸತ್ತು ಜನಪ್ರತಿನಿಧಿ ಕಾಯ್ದೆಗೆ 33ಬಿ ಕಲಮನ್ನು ಸೇರಿಸಿ, ಕೋರ್ಟು ಏನೇ ಹೇಳಿದ್ದರೂ ಕಾಯ್ದೆ ಕೇಳದ ಮಾಹಿತಿಯನ್ನು ಅಭ್ಯರ್ಥಿ ಕೊಡಬೇಕಿಲ್ಲ ಎಂದಿತು. 2003ರ ಮಾರ್ಚ್ 13ರಂದು ಸುಪ್ರೀಂ ಕೋರ್ಟಿನಲ್ಲಿ ಆ ಕಲಮು ಬಿದ್ದುಹೋಯಿತು.

ಖಾಸಗಿತನದ ವಾದ ಆಗಲೇ ಕೇಳಿಬಂದಿತ್ತು. ಚುನಾವಣೆಗೆ ನಿಂತವನು ನಾನು, ನನ್ನ ಹೆಂಡತಿಯ ಒಡವೆಯ ಲೆಕ್ಕ ಊರಿಗೆಲ್ಲ ಯಾಕೆ ಎಂಬ ಪ್ರಶ್ನೆಯಲ್ಲಿ ಹುರುಳಿಲ್ಲದೆ ಇಲ್ಲ. ಇದನ್ನು ತೂಗಿ ನೋಡಿದ ನ್ಯಾಯಮೂರ್ತಿ ಪಿ. ವೆಂಕಟರಾಮ ರೆಡ್ಡಿ, ಈ ಎರಡು ಹಕ್ಕು ಎದುರುಬದುರಾದಾಗ ಮತದಾರನ ತಿಳಿಯುವ ಹಕ್ಕಿಗೆ ಖಾಸಗಿ ಹಕ್ಕು ದಾರಿ ಬಿಡಬೇಕು, ಅದರಲ್ಲಿ ದೊಡ್ಡ ಸಾರ್ವಜನಿಕ ಹಿತವಿದೆ ಎಂದರು. ನಮ್ಮ ಸಮಾಜ ಬಲ್ಲವರಿಗೆ ಇದರ ಅಗತ್ಯವನ್ನು ಬಿಡಿಸಿ ಹೇಳಬೇಕಿಲ್ಲ. ಲಂಚದ ಹಣ ಪಡೆದವನ ಹೆಸರಿನಲ್ಲೇ ಉಳಿಯುವುದು ಅಪರೂಪ. ಅದು ಹೆಂಡತಿಯ ಹೆಸರಿನ ಸೈಟಾಗುತ್ತದೆ, ಮಗನ ಹೆಸರಿನ ಪಾಲುದಾರಿಕೆಯಾಗುತ್ತದೆ, ಬಾಮೈದನ ಹೆಸರಿನ ತೋಟವಾಗುತ್ತದೆ. ಸಂಗಾತಿಯ ಕಾಲಂ ಇಲ್ಲದ ಆಸ್ತಿ ಘೋಷಣೆ ನಮ್ಮಲ್ಲಿ ಇದ್ದೂ ಇಲ್ಲದಂತೆ.

2018ರ ಫೆಬ್ರವರಿಯಲ್ಲಿ ಲೋಕ ಪ್ರಹರಿ ಎಂಬ ಸಂಸ್ಥೆಯ ಪ್ರಕರಣದಲ್ಲಿ ಸುಪ್ರೀಂ ಕೋರ್ಟಿನ ತೀರ್ಪು ಇನ್ನೊಂದು ಹೆಜ್ಜೆ ಮುಂದೆ ಹೋಯಿತು. ಆಸ್ತಿ ಎಷ್ಟು ಎಂದರೆ ಸಾಲದು, ಅದು ಬಂದ ಆದಾಯದ ಮೂಲ ಯಾವುದು ಎಂದೂ ತಿಳಿಸಬೇಕು. ಶಾಸಕರ, ಸಂಸದರ ಆಸ್ತಿ ಗೆದ್ದ ಮೇಲೆ ವಿಪರೀತ ಬೆಳೆದಿದೆಯೇ ಎಂದು ನೋಡಲು ಒಂದು ಕಾಯಂ ವ್ಯವಸ್ಥೆ ಬೇಕು ಎಂದು ಕೋರ್ಟ್ ಹೇಳಿತು. ಆದಾಯ ಮೂಲದ ಕಾಲಂ ಬಂದಿತು. ಕಾಯಂ ವ್ಯವಸ್ಥೆಯ ಮಾತು ತೀರ್ಪಿನ ಪುಟದಲ್ಲೇ ಉಳಿದಿದೆ.

ನಮೂನೆ 26ರಲ್ಲಿ ಏನಿದೆ

ಅಭ್ಯರ್ಥಿ ನಾಮಪತ್ರದ ಜೊತೆ ಸಲ್ಲಿಸುವ ಪ್ರಮಾಣಪತ್ರದ ಹೆಸರು ನಮೂನೆ 26. ನೋಟರಿ ಮುಂದೆ ಪ್ರಮಾಣ ಮಾಡಿ, ಪುಟಪುಟಕ್ಕೂ ಸಹಿ ಹಾಕಿ ಕೊಡುವ ದಾಖಲೆ ಇದು. ಆಸ್ತಿಯ ಭಾಗದಲ್ಲಿ ಅಡ್ಡಸಾಲಿಗೆ ಸ್ವಂತ, ಗಂಡ ಅಥವಾ ಹೆಂಡತಿ, ಹಿಂದೂ ಅವಿಭಕ್ತ ಕುಟುಂಬ, ಅವಲಂಬಿತರು ಎಂಬ ಕಾಲಂಗಳಿವೆ. ಕೆಳಮುಖವಾಗಿ ಕೈಯಲ್ಲಿರುವ ನಗದು, ಬ್ಯಾಂಕ್ ಠೇವಣಿ, ಷೇರು, ಅಂಚೆ ಉಳಿತಾಯ, ವಿಮೆ, ಬೇರೆಯವರಿಗೆ ಕೊಟ್ಟ ಸಾಲ, ವಾಹನ, ತೂಕ ಸಮೇತ ಒಡವೆ. ಆಮೇಲೆ ಕೃಷಿ ಜಮೀನು, ಕೃಷಿಯೇತರ ಜಮೀನು, ವಾಣಿಜ್ಯ ಕಟ್ಟಡ, ವಾಸದ ಕಟ್ಟಡ. ಒಂದೊಂದಕ್ಕೂ ಸರ್ವೆ ನಂಬರ್, ವಿಸ್ತೀರ್ಣ, ಪಿತ್ರಾರ್ಜಿತವೋ ಸ್ವಯಾರ್ಜಿತವೋ, ಕೊಂಡ ದಿನಾಂಕ, ಕೊಂಡಾಗಿನ ಬೆಲೆ, ಈಗಿನ ಅಂದಾಜು ಮಾರುಕಟ್ಟೆ ಬೆಲೆ. 2019ರಿಂದ ಐದು ವರ್ಷಗಳ ಆದಾಯ ತೆರಿಗೆ ರಿಟರ್ನ್ಸ್ ಲೆಕ್ಕ ಮತ್ತು ವಿದೇಶದಲ್ಲಿರುವ ಆಸ್ತಿಯ ವಿವರವೂ ಸೇರಿವೆ. ತುಂಬಿದ ಪ್ರಮಾಣಪತ್ರ ಚುನಾವಣಾ ಆಯೋಗದ ಜಾಲತಾಣಕ್ಕೆ ಹೋಗುತ್ತದೆ.

ಇದರಿಂದಾದ ಉಪಯೋಗ ಸಣ್ಣದಲ್ಲ. ಡಿ.ಕೆ. ಶಿವಕುಮಾರ್ 2023ರಲ್ಲಿ ಘೋಷಿಸಿದ ಆಸ್ತಿ 1,413 ಕೋಟಿ ರೂಪಾಯಿ ಎಂದು ಎಡಿಆರ್ ಲೆಕ್ಕ ಹಾಕಿ ಹೇಳಿದ್ದು ಅವರೇ ಸಲ್ಲಿಸಿದ ಪ್ರಮಾಣಪತ್ರ ನೋಡಿ. ಆಸ್ತಿ ಇರುವುದು ತಪ್ಪಲ್ಲ, ಅದನ್ನು ಘೋಷಿಸಿದವರು ಕಾನೂನಿನಂತೆಯೇ ನಡೆದಿದ್ದಾರೆ. ಒಂದು ಚುನಾವಣೆಯಿಂದ ಇನ್ನೊಂದಕ್ಕೆ ಯಾರ ಆಸ್ತಿ ಎಷ್ಟು ಬೆಳೆಯಿತು ಎಂದು ಸಾಮಾನ್ಯ ಓದುಗನೂ ಹೋಲಿಸಿ ನೋಡಬಹುದು ಎಂಬುದು ಇಲ್ಲಿ ಮುಖ್ಯ. ಕರ್ನಾಟಕದವರಿಗಂತೂ ಇನ್ನೊಂದು ಸೌಲಭ್ಯವಿದೆ. ಪ್ರಮಾಣಪತ್ರದ ಸರ್ವೆ ನಂಬರನ್ನು 'ಭೂಮಿ' ಜಾಲತಾಣದಲ್ಲಿ ಹಾಕಿದರೆ ಪಹಣಿ ಬರುತ್ತದೆ. ಒಂಬತ್ತನೇ ಕಾಲಂನಲ್ಲಿ ಯಾರ ಹೆಸರಿದೆ, ಹನ್ನೊಂದರಲ್ಲಿ ಯಾವ ಬ್ಯಾಂಕಿನ ಸಾಲವಿದೆ ಎಂದು ತಾಳೆ ನೋಡಬಹುದು. ಪತ್ರಕರ್ತನೊಬ್ಬ ತಾಲ್ಲೂಕು ಕಚೇರಿಗೆ ಅಲೆಯದೆ ಮಾಡಬಹುದಾದ ಕೆಲಸ ಇದು.

ಆದರೆ ಇದೇ ಹಾಳೆಗಳಲ್ಲಿ ಅಭ್ಯರ್ಥಿಯ ಪೂರ್ತಿ ಅಂಚೆ ವಿಳಾಸ, ಫೋನ್, ಇಮೇಲ್, ಮನೆಮಂದಿಯ ಪ್ಯಾನ್ ಸಂಖ್ಯೆ ಇರುತ್ತವೆ. ಬ್ಯಾಂಕ್ ಖಾತೆ ಸಂಖ್ಯೆ ಬರೆದುಕೊಡುವವರೂ ಉಂಟು. ಗೆದ್ದು ಪೊಲೀಸ್ ಕಾವಲಿನಲ್ಲಿ ಓಡಾಡುವವರಿಗೆ ಇದರಿಂದ ಅಷ್ಟು ತೊಂದರೆ ಇಲ್ಲದಿರಬಹುದು. ಸಾವಿರ ಮತ ಪಡೆದು ಸೋತು ಮನೆಗೆ ಮರಳಿದ ಪಕ್ಷೇತರ ಅಭ್ಯರ್ಥಿಯ, ಒಂಟಿಯಾಗಿ ಬದುಕುವ ಮಹಿಳಾ ಅಭ್ಯರ್ಥಿಯ ವಿವರಗಳೂ ಇದೇ ರೀತಿ ಅಂತರ್ಜಾಲಕ್ಕೆ ಹೋಗುತ್ತವೆ. ಇನ್ನೊಬ್ಬರ ಪ್ಯಾನ್ ಬಳಸಿ ಆ್ಯಪ್‌ಗಳಲ್ಲಿ ಸಾಲ ಎತ್ತುವ ವಂಚನೆ ನಡೆಯುತ್ತಿರುವ ಕಾಲ ಇದು. ಆ ಹತ್ತು ಅಂಕಿ-ಅಕ್ಷರಗಳಿಂದ ಮತದಾರನಿಗೆ ಅಭ್ಯರ್ಥಿಯ ಬಗ್ಗೆ ತಿಳಿಯುವುದು ಏನೂ ಇಲ್ಲ. ಅದು ಬೇಕಾಗುವುದು ತೆರಿಗೆ ಇಲಾಖೆಗೆ ಮತ್ತು ವಂಚಕನಿಗೆ.

ಯಾವುದು ಮುಖ್ಯ, ಯಾವುದು ಅಲ್ಲ ಎಂಬ ಪ್ರಶ್ನೆಗೆ ಸುಪ್ರೀಂ ಕೋರ್ಟ್ 2024ರ ಏಪ್ರಿಲ್‌ನಲ್ಲಿ ಒಂದು ಉತ್ತರ ಕೊಟ್ಟಿದೆ. ಅರುಣಾಚಲ ಪ್ರದೇಶದ ತೇಜು ಕ್ಷೇತ್ರದಲ್ಲಿ ಗೆದ್ದಿದ್ದ ಕಾರಿಖೋ ಕ್ರಿ, ಹೆಂಡತಿ ಮತ್ತು ಮಗನ ಹೆಸರಿನಲ್ಲಿ ನೋಂದಣಿಯಾಗಿದ್ದ ಮೂರು ವಾಹನಗಳನ್ನು ತೋರಿಸಿರಲಿಲ್ಲ. ಗುವಾಹಟಿ ಹೈಕೋರ್ಟ್ ಆಯ್ಕೆಯನ್ನೇ ರದ್ದು ಮಾಡಿತ್ತು. ಸುಪ್ರೀಂ ಕೋರ್ಟ್ ಅದನ್ನು ಒಪ್ಪಲಿಲ್ಲ. ಮನೆಯಲ್ಲಿರುವ ಪ್ರತಿ ಚರವಸ್ತುವನ್ನೂ ಪಟ್ಟಿ ಮಾಡಬೇಕಿಲ್ಲ, ಅಭ್ಯರ್ಥಿಯ ಸ್ಥಿತಿಗತಿ ಅಥವಾ ಜೀವನಶೈಲಿಯನ್ನು ತೋರಿಸುವಷ್ಟು ಬೆಲೆಯದಾದರೆ ಮಾತ್ರ ಹೇಳಬೇಕು. ಮತದಾರನಿಗೆ ಸಂಬಂಧವಿಲ್ಲದ ವಿಷಯಗಳಲ್ಲಿ ಅಭ್ಯರ್ಥಿಗೂ ಖಾಸಗಿತನ ಉಂಟು ಎಂದಿತು. ಸಾಧಾರಣ ಕೈಗಡಿಯಾರ ಬಿಟ್ಟರೆ ಪರವಾಗಿಲ್ಲ, ಬೆಲೆಬಾಳುವ ಗಡಿಯಾರಗಳ ಸಂಗ್ರಹ ಇದ್ದರೆ ಹೇಳಲೇಬೇಕು ಎಂಬ ಧಾಟಿಯ ಉದಾಹರಣೆ ಆ ತೀರ್ಪಿನಲ್ಲಿದೆ. ವಿವೇಕದ ಮಾತು. ಆದರೆ 'ಬೆಲೆಬಾಳುವುದು' ಎಂದರೆ ಎಷ್ಟು ರೂಪಾಯಿ ಎಂದು ನಿಯಮ ಹೇಳದಿದ್ದರೆ ಅದನ್ನು ಅಭ್ಯರ್ಥಿಯೇ ತೀರ್ಮಾನಿಸುತ್ತಾನೆ.

ಆಳಿಗೊಂದು ನ್ಯಾಯ

ಗೆಲ್ಲುವ ತನಕ ಒಂದು ನಿಯಮ, ಗೆದ್ದ ಮೇಲೆ ಇನ್ನೊಂದು. ಸಂಸದರು ಪ್ರಮಾಣವಚನ ಸ್ವೀಕರಿಸಿದ 90 ದಿನಗಳೊಳಗೆ ಲೋಕಸಭೆಯ ಸ್ಪೀಕರ್‌ಗೆ ಅಥವಾ ರಾಜ್ಯಸಭೆಯ ಸಭಾಪತಿಗೆ ಆಸ್ತಿ ವಿವರ ಕೊಡಬೇಕು. ಅದು ಗೋಪ್ಯ, ಸ್ಪೀಕರ್ ಅಥವಾ ಸಭಾಪತಿಯ ಲಿಖಿತ ಅನುಮತಿ ಇಲ್ಲದೆ ಹೊರಗೆ ಬಾರದು. ಕರ್ನಾಟಕದ ಶಾಸಕರು, ಸಚಿವರು 1984ರ ಲೋಕಾಯುಕ್ತ ಕಾಯ್ದೆಯ 22ನೇ ಕಲಮಿನಂತೆ ಪ್ರತಿ ವರ್ಷ ಜೂನ್ 30ರೊಳಗೆ ತಮ್ಮ ಮತ್ತು ಕುಟುಂಬದ ಆಸ್ತಿ-ಸಾಲದ ವಿವರವನ್ನು ಲೋಕಾಯುಕ್ತಕ್ಕೆ ಕೊಡಬೇಕು. ಇಷ್ಟು ಹಿಂದೆಯೇ ವರ್ಷವರ್ಷದ ಲೆಕ್ಕ ಕೇಳಿದ ಕಾಯ್ದೆ ನಮ್ಮದು ಎಂಬುದು ಹೆಮ್ಮೆಯ ವಿಷಯ. ಕೊಡದವರ ಹೆಸರು ಪ್ರಕಟಿಸುವುದಕ್ಕೂ ಅದರಲ್ಲಿ ದಾರಿಯಿದೆ.

ಅಧಿಕಾರಿಗಳ ಕಡೆಗೆ ಬಂದರೆ, ಐಎಎಸ್ ಅಧಿಕಾರಿಗಳ ಸ್ಥಿರಾಸ್ತಿ ವಿವರ 2011ರಿಂದ ಜನ ನೋಡುವಂತೆ ಜಾಲತಾಣದಲ್ಲಿದೆ. ರಾಜ್ಯದ ನೌಕರರೂ ನಡತೆ ನಿಯಮದಂತೆ ಪ್ರತಿ ವರ್ಷ ಆಸ್ತಿ ಪಟ್ಟಿ ಕೊಡುತ್ತಾರೆ, ಅದು ಇಲಾಖೆಯ ಕಡತ ಸೇರುತ್ತದೆ. ಎಂಜಿನಿಯರೊಬ್ಬರ ಮನೆ ಮೇಲೆ ಲೋಕಾಯುಕ್ತ ದಾಳಿಯಾಗಿ ಮೇಜಿನ ಮೇಲೆ ಚಿನ್ನ, ನೋಟಿನ ಕಟ್ಟು ಜೋಡಿಸಿದ ಫೋಟೋ ಪತ್ರಿಕೆಯಲ್ಲಿ ಬಂದ ದಿನವೇ ಅವರ ಆಸ್ತಿಯ ಅಂದಾಜು ಊರಿಗೆ ಸಿಗುವುದು. ಅಷ್ಟೂ ವರ್ಷ ಅವರು ಬರೆದುಕೊಟ್ಟ ಪಟ್ಟಿಯನ್ನು ಯಾರಾದರೂ ಬಿಚ್ಚಿ ನೋಡಿದ್ದರೆ ದಾಳಿಯ ತನಕ ಕಾಯಬೇಕಾಗಿರಲಿಲ್ಲ.

2013ರ ಲೋಕಪಾಲ ಕಾಯ್ದೆ ಈ ತಾರತಮ್ಯ ತೆಗೆಯಲು ಹೊರಟಿತ್ತು. ಅದರ 44ನೇ ಕಲಮು ಎಲ್ಲ ಸಾರ್ವಜನಿಕ ನೌಕರರ, ಅವರ ಸಂಗಾತಿ ಮತ್ತು ಅವಲಂಬಿತ ಮಕ್ಕಳ ಆಸ್ತಿ ವಿವರ ಪ್ರತಿ ವರ್ಷ ಆಗಸ್ಟ್ 31ರೊಳಗೆ ಜಾಲತಾಣದಲ್ಲಿ ಬರಬೇಕು ಎಂದಿತ್ತು. 2016ರ ಜುಲೈ ಕೊನೆಯಲ್ಲಿ ಸಂಸತ್ತು ಎರಡೇ ದಿನದಲ್ಲಿ ಆ ಕಲಮನ್ನು ಬದಲಿಸಿ, ಸರ್ಕಾರ ನಿಗದಿ ಮಾಡಿದ ರೀತಿಯಲ್ಲಿ ವಿವರ ಕೊಟ್ಟರೆ ಸಾಕು ಎಂದು ಮಾಡಿತು. ಜನ ನೋಡುವ ಅವಕಾಶ ಕಾಯ್ದೆಯಿಂದ ಹೋಯಿತು. ಕೆಳಹಂತದ ಗುಮಾಸ್ತನ ಮನೆಯ ಲೆಕ್ಕವೂ ಅಂತರ್ಜಾಲಕ್ಕೆ ಬೀಳುತ್ತದೆ ಎಂಬ ಆತಂಕ ನ್ಯಾಯವಾದದ್ದೇ. ಆದರೆ ಅದಕ್ಕೆ ಪರಿಹಾರವೆಂದು ಕಾರ್ಯದರ್ಶಿಗಳ ಲೆಕ್ಕವನ್ನೂ ಮುಚ್ಚಿದ್ದು ನ್ಯಾಯವಲ್ಲ.

ನ್ಯಾಯಾಂಗ ನಿಧಾನವಾಗಿಯಾದರೂ ತೆರೆದುಕೊಂಡಿದೆ. ದೆಹಲಿಯ ಹೈಕೋರ್ಟ್ ನ್ಯಾಯಮೂರ್ತಿಯೊಬ್ಬರ ಬಂಗಲೆಯಲ್ಲಿ ನಗದು ಸಿಕ್ಕಿತೆಂಬ ವಿವಾದ ಎದ್ದ ಬೆನ್ನಿಗೆ, 2025ರ ಏಪ್ರಿಲ್ 1ರಂದು ಸುಪ್ರೀಂ ಕೋರ್ಟಿನ ಎಲ್ಲ ನ್ಯಾಯಮೂರ್ತಿಗಳು ಆಸ್ತಿ ಪ್ರಕಟಿಸಲು ನಿರ್ಣಯಿಸಿದರು. ಮೇ 5ರಂದು 33 ಮಂದಿಯಲ್ಲಿ 21 ಮಂದಿಯ ವಿವರ ಜಾಲತಾಣಕ್ಕೆ ಬಂತು. ಇದೂ ಸ್ವಇಚ್ಛೆಯ ನಿರ್ಣಯ, ಕಾಯ್ದೆಯ ಕಟ್ಟಳೆಯಲ್ಲ.

'ವೈಯಕ್ತಿಕ' ಎಂಬ ಒಂದೇ ಉತ್ತರ

2005ರ ಮಾಹಿತಿ ಹಕ್ಕು ಕಾಯ್ದೆಯ 8(1)(ಜೆ) ಕಲಮನ್ನು ಬರೆದವರು ತೂಗಿ ಬರೆದಿದ್ದರು. ಸಾರ್ವಜನಿಕ ಕೆಲಸಕ್ಕೆ ಸಂಬಂಧವಿಲ್ಲದ ಅಥವಾ ಖಾಸಗಿತನಕ್ಕೆ ವಿನಾಕಾರಣ ಧಕ್ಕೆ ತರುವ ವೈಯಕ್ತಿಕ ಮಾಹಿತಿಯನ್ನು ಕೊಡಬೇಕಿಲ್ಲ, ಸಾರ್ವಜನಿಕ ಹಿತ ದೊಡ್ಡದಿದ್ದರೆ ಕೊಡಬೇಕು. ಸಂಸತ್ತಿಗೆ, ಶಾಸನಸಭೆಗೆ ನಿರಾಕರಿಸಲಾಗದ ಮಾಹಿತಿಯನ್ನು ಸಾಮಾನ್ಯ ನಾಗರಿಕನಿಗೂ ನಿರಾಕರಿಸುವಂತಿಲ್ಲ. 2012ರಲ್ಲಿ ಗಿರೀಶ್ ದೇಶಪಾಂಡೆ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಅಧಿಕಾರಿಯ ಆಸ್ತಿ ಮತ್ತು ತೆರಿಗೆ ವಿವರ ವೈಯಕ್ತಿಕ ಎಂದಿತು. ಆಮೇಲೆ ಮಾಹಿತಿ ಅಧಿಕಾರಿಗಳು ಆ ತೀರ್ಪನ್ನು ಸಿದ್ಧ ಉತ್ತರ ಮಾಡಿಕೊಂಡರು. ಆದರೂ ಸಾರ್ವಜನಿಕ ಹಿತ ತೋರಿಸಿ ವಾದ ಮಾಡಲು ಆ ಕಲಮಿನೊಳಗೇ ಜಾಗವಿತ್ತು.

2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ರಕ್ಷಣಾ ಕಾಯ್ದೆಯ 44(3)ನೇ ಕಲಮು ಆ ಜಾಗವನ್ನು ಅಳಿಸಿತು. 2025ರ ನವೆಂಬರ್‌ನಲ್ಲಿ ಜಾರಿಗೆ ಬಂದ ಈ ತಿದ್ದುಪಡಿಯ ನಂತರ, ವೈಯಕ್ತಿಕ ಮಾಹಿತಿಗೆ ಸಂಬಂಧಿಸಿದ್ದು ಎಂದರೆ ಸಾಕು, ಅರ್ಜಿ ತಿರಸ್ಕರಿಸಬಹುದು. ಸಾರ್ವಜನಿಕ ಹಿತ ದೊಡ್ಡದಾದರೆ ಮಾಹಿತಿ ಕೊಡಬಹುದೆನ್ನುವ 8(2) ಇನ್ನೂ ಇದೆ, ಕಾನೂನೇ ಪ್ರಕಟಿಸಲು ಹೇಳಿದ ಮಾಹಿತಿಗೆ ಹೊಸ ಕಾಯ್ದೆ ಅಡ್ಡ ಬರುವುದಿಲ್ಲ ಎಂಬುದು ಸರ್ಕಾರದ ಸಮರ್ಥನೆ. ಕಾಗದದ ಮೇಲೆ ಇದು ನಿಜ. ಆದರೆ ಪ್ರಕಟಿಸಿ ಎಂದು ಹೇಳುವ ಕಾನೂನೇ ಇಲ್ಲದ ಕಡೆ, ಅಂದರೆ ರಾಜ್ಯದ ಬಹುತೇಕ ಅಧಿಕಾರಿಗಳ ವಿಷಯದಲ್ಲಿ, ಇದರಿಂದ ಏನೂ ದಕ್ಕುವುದಿಲ್ಲ. ಪುಟ್ಟಸ್ವಾಮಿ ತೀರ್ಪು ಖಾಸಗಿತನವನ್ನು ಮಿತಿಗೊಳಿಸಲು ಕಾನೂನಿನ ಆಧಾರ, ನ್ಯಾಯವಾದ ಉದ್ದೇಶ, ಉದ್ದೇಶಕ್ಕೆ ತಕ್ಕ ಪ್ರಮಾಣ ಇರಬೇಕು ಎಂದಿತ್ತು. ಸರ್ಕಾರದ ಕಣ್ಣಿನಿಂದ ಪ್ರಜೆಯನ್ನು ಕಾಯಲು ಬಂದ ಆ ಹಕ್ಕನ್ನು ಪ್ರಜೆಯ ಕಣ್ಣಿನಿಂದ ಸರ್ಕಾರವನ್ನು ಕಾಯಲು ಬಳಸುವುದು ತೀರ್ಪಿಗೆ ಬಗೆದ ಅನ್ಯಾಯ.

ಬೇರೆ ದೇಶಗಳು ಮಾಡಿದ್ದು

ಅಮೆರಿಕ ಈ ವಿಷಯದಲ್ಲಿ ಎಡವಿದ್ದೂ ಉಂಟು, ಕಲಿತದ್ದೂ ಉಂಟು. ಸಂಸದರು ಒಳಮಾಹಿತಿ ಬಳಸಿ ಷೇರು ವ್ಯವಹಾರ ಮಾಡುವುದನ್ನು ತಡೆಯಲು 2012ರಲ್ಲಿ 'ಸ್ಟಾಕ್' ಕಾಯ್ದೆ ಬಂತು. ಸುಮಾರು 28,000 ಹಿರಿಯ ಅಧಿಕಾರಿಗಳ ಹಣಕಾಸು ವರದಿಯೂ ಅಂತರ್ಜಾಲಕ್ಕೆ ಬರಬೇಕು ಎಂದು ಅದು ಹೇಳಿತು. ನೌಕರರು ಕೋರ್ಟಿಗೆ ಹೋದರು. ಸಂಸತ್ತು ನೇಮಿಸಿದ ಅಧ್ಯಯನ ಗುರುತಿನ ಕಳವು, ವಿದೇಶಿ ಗೂಢಚಾರರ ಅಪಾಯಗಳನ್ನು ಎತ್ತಿ ತೋರಿಸಿತು. 2013ರ ಏಪ್ರಿಲ್‌ನಲ್ಲಿ ಸಂಸತ್ತು ಚರ್ಚೆಯೇ ಇಲ್ಲದೆ ಆ ಭಾಗವನ್ನು ತೆಗೆದುಹಾಕಿತು. ನೌಕರರನ್ನು ಬಿಟ್ಟದ್ದಕ್ಕೆ ಕಾರಣವಿತ್ತು. ಆದರೆ ಅದೇ ನೆಪದಲ್ಲಿ ಸಂಸದರ ವರದಿಗಳನ್ನು ಸುಲಭವಾಗಿ ಹುಡುಕಿ ಹೋಲಿಸುವ ದತ್ತಾಂಶ ಕೋಶದ ಕಡ್ಡಾಯವನ್ನೂ ತೆಗೆದರು. ಅಧಿಕಾರಸ್ಥರು ಸಣ್ಣವರ ಭಯವನ್ನು ಮುಂದಿಟ್ಟುಕೊಂಡು ತಮಗೆ ರಿಯಾಯಿತಿ ಪಡೆದದ್ದು ನಮ್ಮಲ್ಲಿ ಮಾತ್ರವಲ್ಲ.

ಅಲ್ಲಿಯ ಇನ್ನೊಂದು ಘಟನೆ ಘೋರವಾದದ್ದು. 2020ರ ಜುಲೈನಲ್ಲಿ ನ್ಯೂಜೆರ್ಸಿಯ ಫೆಡರಲ್ ನ್ಯಾಯಾಧೀಶೆ ಎಸ್ತರ್ ಸಲಾಸ್ ಅವರ ವಿಳಾಸ ಹುಡುಕಿಕೊಂಡು ಮನೆ ಬಾಗಿಲಿಗೆ ಬಂದ ಹಂತಕ ಅವರ 20 ವರ್ಷದ ಮಗ ಡೇನಿಯಲ್‌ನನ್ನು ಗುಂಡಿಟ್ಟು ಕೊಂದ, ಗಂಡನನ್ನು ಗಾಯಗೊಳಿಸಿದ. 2022ರಲ್ಲಿ ಅಲ್ಲಿ ಎರಡು ಕಾನೂನು ಬಂದವು. ಮೇ ತಿಂಗಳದ್ದು, ಫೆಡರಲ್ ನ್ಯಾಯಾಧೀಶರ ಹಣಕಾಸು ವರದಿಗಳನ್ನು ಯಾರು ಬೇಕಾದರೂ ಹುಡುಕಿ ನೋಡುವಂತೆ ಅಂತರ್ಜಾಲದಲ್ಲಿ ಹಾಕಲು ಹೇಳಿತು. ಡಿಸೆಂಬರ್‌ನದ್ದು ಡೇನಿಯಲ್ ಹೆಸರಿನಲ್ಲೇ ಬಂದು, ನ್ಯಾಯಾಧೀಶರ ಮನೆ ವಿಳಾಸದಂಥ ವಿವರಗಳನ್ನು ಅಂತರ್ಜಾಲದಿಂದ ತೆಗೆಸುವ ಹಕ್ಕು ಕೊಟ್ಟಿತು. ಒಂದೇ ವರ್ಷದಲ್ಲಿ ಆಸ್ತಿ ಬಯಲಿಗೆ ಬಂತು, ವಿಳಾಸ ಮರೆಗೆ ಹೋಯಿತು. ಇವೆರಡೂ ಒಟ್ಟಿಗೆ ಸಾಧ್ಯ ಎಂಬುದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ. ಆ ವರದಿಗಳಲ್ಲಿ ಆಸ್ತಿಯ ಬೆಲೆಯನ್ನು ಪೈಸೆಪೈಸೆಗೆ ಹೇಳದೆ, ಇಷ್ಟರಿಂದ ಇಷ್ಟರ ತನಕ ಎಂದು ಶ್ರೇಣಿಯಲ್ಲಿ ಹೇಳುವ ಪದ್ಧತಿಯೂ ಇದೆ.

ಯುರೋಪಿನ ಕೋರ್ಟುಗಳು ಹುದ್ದೆ ನೋಡಿ ತೂಗುತ್ತವೆ. ಪೋಲೆಂಡಿನ ಸ್ಥಳೀಯ ಸಂಸ್ಥೆಯ ಸದಸ್ಯರೊಬ್ಬರು ತಮ್ಮ ಆಸ್ತಿ ಅಂತರ್ಜಾಲಕ್ಕೆ ಹೋಗುವುದನ್ನು ಪ್ರಶ್ನಿಸಿದಾಗ, ಮಾನವ ಹಕ್ಕುಗಳ ನ್ಯಾಯಾಲಯ 2005ರಲ್ಲಿ ಒಪ್ಪಲಿಲ್ಲ. ಜನ ಸುಲಭವಾಗಿ ನೋಡುವಂತಿದ್ದರೇ ಘೋಷಣೆಗೆ ಅರ್ಥ ಎಂದಿತು. ಲಿಥುವೇನಿಯಾದ ಪ್ರಕರಣದಲ್ಲಿ ಯುರೋಪಿಯನ್ ಒಕ್ಕೂಟದ ನ್ಯಾಯಾಲಯ 2022ರಲ್ಲಿ, ಸಂಸ್ಥೆಯೊಂದರ ಮುಖ್ಯಸ್ಥರ ಸಂಗಾತಿಯ ಹೆಸರನ್ನು ಅಂತರ್ಜಾಲದಲ್ಲಿ ಹಾಕುವುದು ಅಗತ್ಯ ಮೀರಿದ್ದು, ಅದರಿಂದ ವ್ಯಕ್ತಿಯ ಲೈಂಗಿಕ ಒಲವಿನಂಥ ಸೂಕ್ಷ್ಮ ಸಂಗತಿ ಬಯಲಾಗಬಹುದು ಎಂದಿತು. ನಾರ್ವೆಯಲ್ಲಿ ಎಲ್ಲರ ತೆರಿಗೆ ಲೆಕ್ಕವೂ ತೆರೆದಿದೆ. ಆದರೆ 2014ರಿಂದ ನಿಮ್ಮ ಲೆಕ್ಕ ಹುಡುಕಿದವರು ಯಾರೆಂದು ನಿಮಗೂ ತಿಳಿಯುತ್ತದೆ, ಹಾಗಾದ ಮೇಲೆ ಬರಿ ಕುತೂಹಲದ ಹುಡುಕಾಟ ಇಳಿಯಿತು.

ಉಕ್ರೇನ್ 2016ರಲ್ಲಿ ಅಧಿಕಾರಿಗಳ ಘೋಷಣೆಯನ್ನು ಅಂತರ್ಜಾಲಕ್ಕೆ ತಂದಾಗ ರಾಶಿರಾಶಿ ನಗದು, ದುಬಾರಿ ಗಡಿಯಾರಗಳ ಪಟ್ಟಿ ಕಂಡು ಜನ ಬೆರಗಾದರು. 2022ರ ಯುದ್ಧ ಶುರುವಾದಾಗ ಅದನ್ನು ಮುಚ್ಚಲಾಯಿತು. ಮರುವರ್ಷ ಸಂಸತ್ತು ಇನ್ನೂ ಮುಚ್ಚಿಯೇ ಇಡಲು ಹೊರಟಾಗ 80 ಸಾವಿರಕ್ಕೂ ಹೆಚ್ಚು ಜನ ಮನವಿಗೆ ಸಹಿ ಹಾಕಿದರು. ಅಧ್ಯಕ್ಷರು ಮಸೂದೆಯನ್ನು ವಾಪಸ್ ಕಳಿಸಿದರು, ವರ್ಷದ ಕೊನೆಗೆ ಘೋಷಣೆಗಳು ಮತ್ತೆ ತೆರೆದವು. ಬಾಂಬ್ ಬೀಳುತ್ತಿದ್ದ ದೇಶದ ಜನ ಬೇಕು ಎಂದದ್ದನ್ನು ನಾವು ಶಾಂತಿಯ ಕಾಲದಲ್ಲಿ ಕಳೆದುಕೊಳ್ಳಬಾರದು.

ಗೆರೆ ಎಲ್ಲಿ

ಇಷ್ಟೆಲ್ಲ ನೋಡಿದ ಮೇಲೆ ನನಗೆ ಸ್ಪಷ್ಟವಾಗಿ ಕಾಣುವುದು ಹೀಗೆ. ಒಬ್ಬರು ಪ್ರಾಮಾಣಿಕರೇ ಎಂದು ತೂಗಲು ಬೇಕಾದ ಎಲ್ಲವೂ ಬಯಲಲ್ಲಿರಬೇಕು: ಸ್ವಂತ, ಸಂಗಾತಿ ಮತ್ತು ಅವಲಂಬಿತರ ಆಸ್ತಿಯ ಮೊತ್ತ, ಸಾಲ, ಆದಾಯದ ಮೂಲ, ಕಂಪನಿಗಳಲ್ಲಿರುವ ಪಾಲು, ವರ್ಷದಿಂದ ವರ್ಷಕ್ಕೆ ಆದ ಏರಿಕೆ. ಅವರಿಗೆ ಕೇಡು ಮಾಡಲು ಮಾತ್ರ ಒದಗುವಂಥದ್ದು, ಅಂದರೆ ಪ್ಯಾನ್, ಖಾತೆ ಸಂಖ್ಯೆ, ಫೋನ್, ವಾಸದ ಮನೆಯ ನಂಬರ್, ಮಕ್ಕಳ ಹೆಸರು, ತನಿಖೆ ಮಾಡುವ ಪ್ರಾಧಿಕಾರದ ಬಳಿ ಪೂರ್ತಿ ಇರಲಿ, ಜಾಲತಾಣದ ಪ್ರತಿಯಲ್ಲಿ ಬೇಡ. ಸರ್ವೆ ನಂಬರ್ ವಿಷಯದಲ್ಲಿ ಮಾತ್ರ ನಾನು ರಿಯಾಯಿತಿ ಒಪ್ಪುವುದಿಲ್ಲ. ಕರ್ನಾಟಕದಲ್ಲಿ ಭ್ರಷ್ಟ ಹಣ ಹೆಚ್ಚಾಗಿ ಮಣ್ಣಿನಲ್ಲೇ ಕೂರುವುದರಿಂದ, ವಾಸದ ಮನೆ ಬಿಟ್ಟು ಉಳಿದ ಎಲ್ಲ ಜಮೀನಿನ ಸರ್ವೆ ನಂಬರ್ ಜನ ಪಹಣಿ ಜೊತೆ ತಾಳೆ ನೋಡುವಂತೆ ತೆರೆದಿರಬೇಕು.

ಎರಡನೆಯದು, ಅಧಿಕಾರಕ್ಕೆ ತಕ್ಕ ಹೊಣೆ. ಮಂತ್ರಿ, ಶಾಸಕ, ನ್ಯಾಯಮೂರ್ತಿ, ಕಾರ್ಯದರ್ಶಿ, ಮುಖ್ಯ ಎಂಜಿನಿಯರ್ ವಿವರ ಪೂರ್ತಿ ಪ್ರಕಟವಾಗಲಿ. ಗ್ರಾಮ ಆಡಳಿತಾಧಿಕಾರಿ, ಗುಮಾಸ್ತರ ವಿವರ ಇಲಾಖೆಯಲ್ಲಿರಲಿ, ದೂರು ಬಂದು ಮೇಲ್ನೋಟಕ್ಕೆ ಹುರುಳು ಕಂಡರೆ ಅರ್ಜಿದಾರನಿಗೆ ಸಿಗಲಿ. ನೋಡಿದವರ ಹೆಸರು ತಿಳಿಸುವ ನಾರ್ವೆಯ ಕ್ರಮವನ್ನು ನಾವು ತರಬಾರದು. ಮಾಹಿತಿ ಕೇಳಿದವರ ಮೇಲೆ ಹಲ್ಲೆ, ಕೊಲೆಗಳು ನಡೆದಿರುವ ದೇಶದಲ್ಲಿ ಅದು ಕೇಳುವವರ ಬಾಯಿ ಮುಚ್ಚಿಸುತ್ತದೆ.

ಮೂರನೆಯದು, ಪರಿಶೀಲನೆ. ಸುಳ್ಳು ಪ್ರಮಾಣಪತ್ರಕ್ಕೆ ಇರುವುದು ಆರು ತಿಂಗಳವರೆಗಿನ ಸಜೆ ಅಥವಾ ದಂಡ. ಪ್ರಮಾಣಪತ್ರದ ಆಸ್ತಿ ಲೆಕ್ಕವನ್ನು ತೆರಿಗೆ ಮತ್ತು ಭೂದಾಖಲೆಗಳ ಜೊತೆ ಕಡ್ಡಾಯವಾಗಿ ತಾಳೆ ನೋಡುವ ಕಚೇರಿ ಇಲ್ಲ. ನೋಡುವವರಿಲ್ಲದ ಘೋಷಣೆ ಪ್ರಾಮಾಣಿಕನ ಖಾಸಗಿತನವನ್ನು ಕಿತ್ತುಕೊಳ್ಳುತ್ತದೆ, ಅಪ್ರಾಮಾಣಿಕನಿಗೆ ಏನೂ ಮಾಡುವುದಿಲ್ಲ.

ಇದರಲ್ಲಿ ಬಹುಪಾಲಿಗೆ ದೆಹಲಿಯ ಕಡೆ ನೋಡುತ್ತ ಕೂರಬೇಕಿಲ್ಲ. ನಮೂನೆ 26ರಿಂದ ಪ್ಯಾನ್, ಫೋನ್ ಮರೆಮಾಡಲು ಕೇಂದ್ರದ ಅಧಿಸೂಚನೆ ಬೇಕು, ಮಾಹಿತಿ ಹಕ್ಕಿನ ಹಳೆಯ ಕಲಮನ್ನು ಮರಳಿ ತರಲು ಸಂಸತ್ತು ಬೇಕು. ಆದರೆ ಲೋಕಾಯುಕ್ತ ಕಾಯ್ದೆ ನಮ್ಮದು. ಅದರ 22ನೇ ಕಲಮಿಗೆ ವಿಧಾನಸೌಧದಲ್ಲೇ ಎರಡು ಮಾತು ಸೇರಿಸಬಹುದು: ಜೂನ್ 30ರೊಳಗೆ ಬಂದ ಪ್ರತಿ ಶಾಸಕರ, ಸಚಿವರ ವಿವರ ಮನೆ ವಿಳಾಸ ಮತ್ತು ಗುರುತಿನ ಸಂಖ್ಯೆಗಳನ್ನು ತೆಗೆದು ನಿಗದಿತ ದಿನದೊಳಗೆ ಕನ್ನಡದಲ್ಲಿ ಪ್ರಕಟವಾಗಬೇಕು, ಪ್ರತಿ ವರ್ಷ ಚೀಟಿ ಎತ್ತಿ ಆರಿಸಿದ ಕೆಲವರ ಲೆಕ್ಕವನ್ನು ಲೋಕಾಯುಕ್ತ ಖುದ್ದಾಗಿ ಪರಿಶೀಲಿಸಬೇಕು. ಹಿರಿಯ ಅಧಿಕಾರಿಗಳಿಗೆ ಇದನ್ನೇ ರಾಜ್ಯದ ನಡತೆ ನಿಯಮಗಳಲ್ಲಿ ಬರೆಯಬಹುದು. 1984ರಲ್ಲಿ ಲೆಕ್ಕ ಕೇಳುವ ಧೈರ್ಯ ತೋರಿದ ಶಾಸನಸಭೆಗೆ, ಆ ಲೆಕ್ಕವನ್ನು ಜನರಿಗೆ ತೋರಿಸುವ ಧೈರ್ಯವೂ ಇದೆಯೇ ಎಂದು ಮತದಾರರು ತಮ್ಮ ತಮ್ಮ ಶಾಸಕರನ್ನು ಈಗಲೇ ಕೇಳಬೇಕು.